ಜಲ್ಲಿ ಕ್ರಷರ್‌ಗೆ ಕಡಿಮೆ ರೇಟಿನ ಬೇರಿಂಗ್ ಹಾಕಬಹುದಾ?

ಮೆಷಿನ್ ಡಿಸೈನ್ ಪರೀಕ್ಷೆಯಲ್ಲಿ ನಾವೆಲ್ಲ ಬೇರಿಂಗ್ ಆರಿಸಿದವರೇ. ಲೋಡ್ ಕೊಟ್ಟಿರ್ತಾರೆ, ಡೇಟಾ ಹ್ಯಾಂಡ್‌ಬುಕ್ ನೋಡಿ ನಂಬರ್ ಬರೆದರೆ ಅಂಕ ಬಂತು. ಬೆಲೆ ಎಷ್ಟು ಅಂತ ಯಾರೂ ಕೇಳಲ್ಲ. ಹಳೇ ಕ್ರಷರ್ ಬಿಚ್ಚಿ ಮತ್ತೆ ಕಟ್ಟಿಸುವ ಮಾಲೀಕರ ಮೊದಲ ಪ್ರಶ್ನೆಯೇ ಅದು.

ಸಿಂಗಲ್ ಟಾಗಲ್ ಜಾ ಕ್ರಷರನ್ನೇ ತಗೊಳ್ಳೋಣ. ಇದರ ಎಕ್ಸೆಂಟ್ರಿಕ್ ಶಾಫ್ಟ್ ಮೇಲೆ ಸಾಮಾನ್ಯವಾಗಿ ನಾಲ್ಕು ಸ್ಫೆರಿಕಲ್ ರೋಲರ್ ಬೇರಿಂಗ್ ಇರ್ತವೆ: ಎರಡು ಫ್ರೇಮಿನಲ್ಲಿ, ಎರಡು ಅಲುಗಾಡುವ ದವಡೆಯಲ್ಲಿ. ಯಾವುದು ಹೋದರೂ ಇಡೀ ಪ್ಲಾಂಟ್ ನಿಲ್ಲುತ್ತೆ, ಟಿಪ್ಪರ್‌ಗಳು ಸಾಲಾಗಿ ನಿಲ್ಲುತ್ತವೆ, ಕೂಲಿ ಮಾತ್ರ ಓಡ್ತಾ ಇರುತ್ತೆ.

ಅಂಗಡಿಗೆ ಹೋಗೋ ಮುಂಚೆ ಹಳೇ ಬೇರಿಂಗನ್ನು ತೊಳೆದು ನೋಡಬೇಕು. ಲೋಡ್ ಬೀಳುವ ಜಾಗದಲ್ಲಿ ಮಾತ್ರ ಚಕ್ಕೆ ಎದ್ದಿದ್ದರೆ ಅದು ಬಹುಶಃ ದುಡಿದು ಸವೆದದ್ದು. ರೋಲರ್‌ಗಳೆಲ್ಲ ಹೊಳಪು ಕಳಕೊಂಡು ಮಂಕಾಗಿದ್ದರೆ ಒಳಗೆ ಕಲ್ಲಿನ ಧೂಳು ಹೋಗಿದೆ. ಒಳ ರಿಂಗಿನ ರಂಧ್ರ ಕನ್ನಡಿ ಹಾಗೆ ಮಿರುಗ್ತಿದ್ದರೆ ರಿಂಗ್ ಶಾಫ್ಟ್ ಮೇಲೆ ಜಾರಿ ತಿರುಗಿದೆ, ಅಂದ್ರೆ ಶಾಫ್ಟ್ ಸವೆದಿದೆ. ಮೈಕ್ರೋಮೀಟರ್ ಹಿಡಿದು ಅಳೆಯಿರಿ. ಸೀಲು, ಶಾಫ್ಟು ಸರಿಮಾಡದೆ ಎಷ್ಟೇ ದುಬಾರಿ ಬೇರಿಂಗ್ ಹಾಕಿದರೂ ಅದರ ಗತಿಯೂ ಅಷ್ಟೇ.

ಇನ್ನು ನಂಬರ್. 22320 ಅಂದರೆ ಕೊನೆಯ 20ನ್ನು 5ರಿಂದ ಗುಣಿಸಿ, ಒಳವ್ಯಾಸ 100 ಮಿ.ಮೀ. ಹೊರವ್ಯಾಸ 215, ಅಗಲ 73. ಇಷ್ಟು ಎಲ್ಲ ಕಂಪನಿಯಲ್ಲೂ ಒಂದೇ. ಗಲಾಟೆ ಇರೋದು ನಂಬರಿನ ಹಿಂದಿನ ಅಕ್ಷರಗಳಲ್ಲಿ. 'ಕೆ' ಅಂದರೆ 1:12 ಟೇಪರ್ ರಂಧ್ರ, 'ಡಬ್ಲ್ಯೂ33' ಅಂದರೆ ಹೊರ ರಿಂಗಿನಲ್ಲಿ ಗ್ರೀಸ್ ಗಾಡಿ ಮತ್ತು ಮೂರು ತೂತು, 'ಸಿ3' ಅಂದರೆ ಮಾಮೂಲಿಗಿಂತ ಹೆಚ್ಚು ಒಳ ಸಡಿಲ. ಸಿ3 ಬೇಕಾದ ಕಡೆ ಅಂಗಡಿಯವರು "ಎಲ್ಲಾ ಒಂದೇ ಸಾರ್" ಅಂತ ಸಾದಾದು ಕೊಟ್ಟರೆ, ಒಳ ರಿಂಗ್ ಬಿಸಿಯಾಗಿ ಹಿಗ್ಗಿದಾಗ ಸಡಿಲವೇ ಉಳಿಯದೆ ಬೇರಿಂಗ್ ಹಿಡ್ಕೊಳ್ಳುತ್ತೆ. ಕೇಜ್ ಸೂಚಿಸುವ ಅಕ್ಷರಗಳಂತೂ ಕಂಪನಿಗೊಂದು ಥರ, ಕ್ಯಾಟಲಾಗ್ ನೋಡದೆ ವಿಧಿಯಿಲ್ಲ.

ಕ್ಯಾಟಲಾಗಿನಲ್ಲೇ ನಮಗೆ ಬೇಕಾದ ಇನ್ನೊಂದು ಸಂಖ್ಯೆ ಇದೆ: ಡೈನಾಮಿಕ್ ಲೋಡ್ ರೇಟಿಂಗ್ ಸಿ. ರೋಲರ್ ಬೇರಿಂಗಿಗೆ ಎಲ್10 ಆಯುಷ್ಯ, ದಶಲಕ್ಷ ಸುತ್ತುಗಳಲ್ಲಿ, ಸಿ/ಪಿ ಅನುಪಾತದ 10/3 ಘಾತ. ಒಂದು ಬೇರಿಂಗಿನ ಸಿ/ಪಿ 5 ಅನ್ಕೊಳ್ಳಿ: ಸುಮಾರು 214 ದಶಲಕ್ಷ ಸುತ್ತು, 280 ಆರ್‌ಪಿಎಂನಲ್ಲಿ 12,700 ಗಂಟೆ. ಅದೇ ಸೈಜಿನ ಅಗ್ಗದ ಬೇರಿಂಗಿನ ಸಿ 20% ಕಡಿಮೆ ಇದ್ದರೆ ಅನುಪಾತ 4: ಸುಮಾರು 102 ದಶಲಕ್ಷ ಸುತ್ತು, 6,000 ಗಂಟೆ. ಐದನೇ ಒಂದು ಪಾಲು ರೇಟಿಂಗ್ ಹೋಯ್ತು, ಅರ್ಧಕ್ಕಿಂತ ಹೆಚ್ಚು ಆಯುಷ್ಯ ಹೋಯ್ತು. ಪಾಠದ ಸೂತ್ರ ದುಡ್ಡಿನ ಭಾಷೆ ಮಾತಾಡೋದು ಇಲ್ಲೇ.

ಹಾಗಂತ ಅಗ್ಗದ್ದು ಯಾವಾಗಲೂ ತಪ್ಪಲ್ಲ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ಓಡಿದರೆ 6,000 ಗಂಟೆ ಅಂದ್ರೆ ಎರಡು ವರ್ಷ. ಕ್ವಾರಿ ಲೀಸ್ ಮುಗಿಯೋಕೆ ಒಂದೇ ವರ್ಷ ಇದ್ದರೆ ನಾಲ್ಕು ವರ್ಷದ ಬೇರಿಂಗಿಗೆ ದುಡ್ಡು ಹಾಕಿಸೋದು ನಮ್ಮ ಪ್ರಕಾರ ಒಳ್ಳೆ ಎಂಜಿನಿಯರಿಂಗ್ ಅಲ್ಲ. ಆದರೂ ಒಂದು ಮಾತು ನೆನಪಿರಲಿ: ಎಲ್10 ಅನ್ನೋದು 90% ಬೇರಿಂಗ್‌ಗಳು ದಾಟುವ ಗಡಿ, ಗ್ಯಾರಂಟಿ ಕಾರ್ಡ್ ಅಲ್ಲ. ಸಿ ಮೌಲ್ಯವನ್ನೇ ಅಚ್ಚು ಹಾಕದ ಕಂಪನಿಯ ಬೇರಿಂಗಿಗೆ ಈ ಲೆಕ್ಕ ಮಾಡೋಕೂ ಬರಲ್ಲ, ಅದನ್ನು ಕ್ರಷರ್ ಶಾಫ್ಟಿಗೆ ಹಾಕಲೇಬೇಡಿ.

ಉಳಿಸಬೇಕಿದ್ದರೆ ಕನ್ವೇಯರ್ ರೋಲರ್‌ಗಳಲ್ಲಿ ಉಳಿಸಿ. ಅಲ್ಲಿರೋದು ಸಣ್ಣ ಬಾಲ್ ಬೇರಿಂಗ್, ಒಂದು ಕೆಟ್ಟರೆ ಆ ರೋಲರ್ ಬದಲಿಸಿದರಾಯ್ತು. ವೈಬ್ರೇಟಿಂಗ್ ಸ್ಕ್ರೀನಿನಲ್ಲಿ ಮಾತ್ರ ಕೈಬಿಗಿ ಬೇಡ. ಅದಕ್ಕೆಂದೇ ಎಸ್‌ಕೆಎಫ್‌ನಲ್ಲಿ 'ವಿಎ405', ಎಫ್‌ಎಜಿಯಲ್ಲಿ 'ಟಿ41ಎ' ಅಂತ ಗುರುತಿರುವ ಬೇರಿಂಗ್‌ಗಳಿವೆ.

ದೊಡ್ಡ ಹೆಸರಿನ ಡಬ್ಬಿ ಅರ್ಧ ಬೆಲೆಗೆ ಸಿಕ್ಕಿದರೆ ಖುಷಿಪಡೋ ಮುಂಚೆ ಅನುಮಾನಪಡಿ. ನಕಲಿ ಹಾವಳಿಗೆಂದೇ ಎಸ್‌ಕೆಎಫ್, ಷೆಫ್ಲರ್ ಕಂಪನಿಗಳು ಪರಿಶೀಲನೆಯ ಆ್ಯಪ್ ಇಟ್ಟಿವೆ. ಬಿಲ್ ಇಲ್ಲದ ಮಾಲು ಬೇಡ.

ಟೇಪರ್ ಬೇರಿಂಗ್ ಕೂರಿಸುವಾಗ ಫೀಲರ್ ಗೇಜಿನಿಂದ ಸಡಿಲವನ್ನು ನಟ್ ಬಿಗಿಯುವ ಮುಂಚೆ ಒಮ್ಮೆ, ಬಿಗಿದ ಮೇಲೆ ಒಮ್ಮೆ ಅಳೆದು, ಎಷ್ಟು ಕಡಿಮೆಯಾಗಿದೆ ಅಂತ ಕ್ಯಾಟಲಾಗಿನ ಕೋಷ್ಟಕದ ಜೊತೆ ತಾಳೆ ನೋಡಿ. ಎರಡೂ ಅಳತೆಯನ್ನು ದಿನಾಂಕದ ಜೊತೆ ಲಾಗ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಬಿಚ್ಚುವವರಿಗೆ ಬೇಕಾಗುತ್ತೆ.