ಶಾರ್ಟ್‌ಕಟ್ ಬಲ್ಲ ಭಾಮೈದ, ಒಮಾನಿನ ಹಿಮ

ಒಮಾನಿನ ಹುಖ್ಫ್ ಪ್ರದೇಶದ ಕಡೆ ಹೋಗುವವರು ಒಂದೇ ಗಾಡಿಯಲ್ಲಿ ಹೋಗಬೇಡಿ. ಹೋದರೂ ಸ್ಟೀರಿಂಗನ್ನು ಭಾಮೈದನ ಕೈಗೆ ಕೊಡಬೇಡಿ.

ನಾವು ಹೊರಟಿದ್ದು ಅಲ್ಲಿನ ಅಲ್ ಖ್ಲಾತಾದ ಗೀರುಬಂಡೆ ನೋಡಲು. ಸುಮಾರು 30 ಕೋಟಿ ವರ್ಷಗಳ ಹಿಂದೆ, ಒಮಾನ್ ಗೊಂಡ್ವಾನದ ಭಾಗವಾಗಿದ್ದಾಗ, ಹಿಮನದಿ ಉಜ್ಜಿ ಗೀರಿದ ಬಂಡೆ ಅದು. ಒಡಿಶಾದ ತಾಲ್ಚೇರ್ ಪದರಗಳೂ ಆ ಹಿಮಯುಗದವೇ. ದಕ್ಷಿಣ ಒಮಾನಿನ ಎಣ್ಣೆಬಾವಿಗಳಿಂದ ಕೊರೆದು ತರುವ ಅಲ್ ಖ್ಲಾತಾ ಪದರದ ಕಲ್ಲಿನ ಕೋರ್‌ಗಳನ್ನು ನೋಡುತ್ತಲೇ ನನ್ನ ತಲೆ ನರೆತಿದೆ. ಅಕೌಂಟೆಂಟ್ ಭಾಮೈದನದು ಮಾತ್ರ ದಾರಿಯುದ್ದಕ್ಕೂ ಒಂದೇ ಕೊಂಕು: “ಎಷ್ಟು ಟನ್ ಹಿಮ ಇತ್ತು, ಎಷ್ಟು ಕರಗಿತು, ಅದು ಹೇಳಿ ಭಾವ!”

ಗ್ರೇಡರ್ ಹಾಯಿಸಿದ ದಾರಿ ಕಣ್ಣೆದುರೇ ಇತ್ತು. “ಮ್ಯಾಪಲ್ಲಿ ನೇರ ಹೋದ್ರೆ ಅರ್ಧ ದೂರ” ಎಂದವನೇ ಬಿಳಿ ಬಯಲಿಗೆ ತಿರುಗಿಸಿದ. ಸಬ್ಖಾ! ಮೇಲೆ ಉಪ್ಪಿನ ತೆಳು ಪದರ, ಕೆಳಗೆ ಕೆಸರು. ಮುಂದಿನ ಚಕ್ರಗಳು ಧಸಕ್ಕನೆ ಇಳಿದವು. “ಆಕ್ಸಿಲರೇಟರ್ ಬಿಡೋ!” ಎಂದು ಕೂಗಿದೆ, ಅವನು ಇನ್ನಷ್ಟು ಒತ್ತಿದ. ಕೆಸರು ಗಾಜಿಗೆಲ್ಲ ರಾಚಿತು, ಗಾಡಿಯ ಹೊಟ್ಟೆ ನೆಲಕ್ಕೆ ಕೂತಿತು. ಸಿಗ್ನಲ್ ಇಲ್ಲ. ಜಾಕ್ ಇಟ್ಟರೆ ಜಾಕೇ ಹೂತುಹೋಯಿತು. ಚಾಪೆ, ಮ್ಯಾಟು ಎಲ್ಲ ಚಕ್ರದಡಿ ಹೋದವು. ಅಕ್ಟೋಬರಿನ ಬಿಸಿಲು; ಗಾಡಿಯದೊಂದೇ ನೆರಳು. ಹೆಂಡತಿ ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳದಲ್ಲಿ ಅಳೆದು ಕೊಡತೊಡಗಿದಳು.

ಆಗಲೂ ಇವನಿಗೆ ಟನ್ನಿನ ಚಿಂತೆ! ರೇಗಿ ಹೇಳಿಬಿಟ್ಟೆ: ಬದುಕಿರುವ ಹಿಮನದಿಗೆ ಲೆಕ್ಕ ಉಂಟು. ಹಿಮಾಚಲದ ಛೋಟಾ ಶಿಗ್ರಿಯಲ್ಲಿ 2002ರಿಂದ ಬಿದಿರುಗಳ ನೆಟ್ಟು, ಬೇಸಿಗೆ ಮುಗಿದಾಗ ಅದೆಷ್ಟು ಹೊರಬಂದಿದೆಯೆಂದು ನೋಡುತ್ತಾರೆ. ಮೇಲ್ಭಾಗದಲ್ಲಿ ಗುಂಡಿ ತೋಡಿ ಹೊಸ ಹಿಮದ ದಪ್ಪ, ಸಾಂದ್ರತೆ ಅಳೆಯುತ್ತಾರೆ. ಗಳಿಕೆಯಲ್ಲಿ ನಷ್ಟ ಕಳೆದರೆ ವರ್ಷದ ಲೆಕ್ಕ. ಗ್ರೀನ್‌ಲ್ಯಾಂಡಿಗೆ ಗಳ ಸಾಲದು. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳು ಗುರುತ್ವದ ಏರಿಳಿತದಿಂದಲೇ ಅದನ್ನು ತೂಗಿದವು: ವರ್ಷಕ್ಕೆ ಸುಮಾರು 27,000 ಕೋಟಿ ಟನ್ ನಷ್ಟ. ಇಲ್ಲಿನ ಸತ್ತ ಹಿಮಕ್ಕೆ ಗಳ ನೆಟ್ಟವರಾರು? ನಮ್ಮ ಕೋರ್‌ಗಳಲ್ಲಿ ಉಂಡೆಗಲ್ಲು ಬೆರೆತ ಪದರ ಕಂಡರೆ ಹಿಮ ಬಂದಿತ್ತು. ಮೇಲೆ ನಯವಾದ ರಹಾಬ್ ಜೇಡಿಪದರ ಕಂಡರೆ ಕರಗಿ ಕೆರೆಯಾಗಿತ್ತು. ಬಂದದ್ದು, ಹೋದದ್ದು ಗೊತ್ತು. ಟನ್ ಕೇಳಬೇಡ!

ಸಂಜೆಗೆ ಹರಾಸೀಸ್ ಬುಡಕಟ್ಟಿನ ಹಿರಿಯರೊಬ್ಬರು ಪಿಕಪ್‌ನಲ್ಲಿ ಬಂದು, ಒಂದು ಮಾತೂ ಕೇಳದೆ ನಮ್ಮ ಟೈರುಗಳ ಗಾಳಿ ಇಳಿಸಿ, ಹಗ್ಗ ಕಟ್ಟಿ ಎಳೆದುಬಿಟ್ಟರು. ಮರುದಿನ ಗೀರುಬಂಡೆ ಕಂಡೇ ಊರಿಗೆ ಹಿಂದಿರುಗಿದೆವು.

ಹೋಗುವವರು ಚಳಿಗಾಲದಲ್ಲೇ ಹೋಗಿ. ಟೈರಿನ ಪಂಪು, ಬೇಕಾದ್ದಕ್ಕಿಂತ ಹೆಚ್ಚು ನೀರು ಇರಲಿ. ಚಕ್ರದ ಗುರುತಿಲ್ಲದ ಬಿಳಿ ನೆಲಕ್ಕೆ ಇಳಿಯಬೇಡಿ. ದುಕ್ಮ್ ಪಟ್ಟಣದಲ್ಲಿ ಯಾರಿಗಾದರೂ ಹೇಳಿ ಹೊರಡಿ. ಬಂಡೆಗೆ ಸುತ್ತಿಗೆ ಮುಟ್ಟಿಸಬೇಡಿ. ಮ್ಯಾಪ್ ಸರಿಯಾಗಿಯೇ ಇತ್ತೆಂದು ಭಾಮೈದ ಈಗಲೂ ವಾದಿಸುತ್ತಾನೆ. ಗಾಡಿ ತೊಳೆಸಿದ ದುಡ್ಡು ಮಾತ್ರ ಕೊಟ್ಟಿಲ್ಲ.