ರಾತ್ರಿ ಹತ್ತರ ನಂತರ ಡಿಜೆ ಹಾಕಿದರೆ ನೀವೇನು ಮಾಡಬಹುದು?

ಗಣೇಶೋತ್ಸವವೋ ಊರಹಬ್ಬವೋ ಮದುವೆಯೋ, ಕಾರಣ ಯಾವುದೇ ಇರಲಿ, ಕಿಟಕಿಯ ಗಾಜು ಅದುರುವಷ್ಟು ಡಿಜೆ ಹಾಕಿದಾಗ ನಮ್ಮಲ್ಲಿ ಹೆಚ್ಚಿನವರು 'ಒಂದೇ ದಿನ ತಾನೇ' ಎಂದು ಬಾಗಿಲು ಹಾಕಿಕೊಂಡು ಸುಮ್ಮನಾಗುತ್ತಾರೆ. ಆದರೆ ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಶ್ರವಣಯಂತ್ರ ಶಬ್ದವನ್ನು ಜೋರಾಗಿಸಬಲ್ಲದು, ಕಳೆದುಹೋದ ಕೋಶಗಳನ್ನು ತಂದುಕೊಡಲಾರದು. ಹಾಗಾಗಿ ಕೇಡು ತಟ್ಟುವ ಮೊದಲೇ ಕಾನೂನಿನ ಮೊರೆ ಹೋಗುವುದು ಲೇಸು.

ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು ದೇಶದಲ್ಲಿ 2000ದಿಂದ ಜಾರಿಯಲ್ಲಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಶಾಂತ ವಲಯವೆಂದು ಘೋಷಿತವಾದ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಈ ಮಿತಿ 50 ಮತ್ತು 40ಕ್ಕೆ ಇಳಿಯುತ್ತದೆ. ಧ್ವನಿವರ್ಧಕಕ್ಕೆ ಹಗಲಲ್ಲೂ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಅದನ್ನು ಬಳಸುವಂತೆಯೇ ಇಲ್ಲ. ಹಬ್ಬ ಹಾಗೂ ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಅದಕ್ಕೆ ಸರ್ಕಾರದ ಆದೇಶ ಇರಬೇಕು, ಸಂಘಟಕರ ಬಾಯಿಮಾತು ಸಾಲದು. ಬೇಡವೆನ್ನುವವರ ಕಿವಿಗೆ ಶಬ್ದ ತುಂಬುವ ಹಕ್ಕು ಯಾರಿಗೂ ಇಲ್ಲ; ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಭಾಗ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಸ್ಪಷ್ಟಪಡಿಸಿದೆ.

ಮೊದಲು 112ಕ್ಕೆ ಕರೆ ಮಾಡಿ. 'ಎಷ್ಟು ಡೆಸಿಬಲ್ ಇದೆ, ಅಳೆದಿದ್ದೀರಾ?' ಎಂದು ಯಾರಾದರೂ ಕೇಳಿದರೆ ಅಳುಕಬೇಡಿ. ರಾತ್ರಿಯ ನಿಷೇಧ ಮುರಿದದ್ದಷ್ಟೇ ದೂರಿಗೆ ಸಾಕು ಎಂದು ನಿಯಮವೇ ಹೇಳುತ್ತದೆ. ಅಲ್ಲಿ ಗಡಿಯಾರವೇ ಸಾಕ್ಷಿ. ಮರುದಿನ ಠಾಣೆಗೆ ಲಿಖಿತ ದೂರು ಕೊಡಿ. ದಿನಾಂಕ, ಶುರುವಾದ ಮತ್ತು ನಿಂತ ಸಮಯ, ಜಾಗದ ಗುರುತು, ಮನೆಯಲ್ಲಿ ಹಸುಗೂಸೋ ಹೃದ್ರೋಗಿಯೋ ಪರೀಕ್ಷೆಗೆ ಓದುವ ಮಗುವೋ ಇದ್ದರೆ ಆ ವಿವರ, ಮೊಬೈಲಿನಲ್ಲಿ ತೆಗೆದ ವಿಡಿಯೊ, ಇಷ್ಟಿರಲಿ. ಅಕ್ಕಪಕ್ಕದ ನಾಲ್ಕು ಮನೆಯವರ ಸಹಿ ಬಿದ್ದರೆ ಅರ್ಜಿಗೆ ತೂಕ ಹೆಚ್ಚು, ಒಬ್ಬರ ಮೇಲೇ ದ್ವೇಷ ತಿರುಗುವ ಭಯವೂ ಕಡಿಮೆ. ನಕಲು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹಿಂತಿರುಗಬೇಡಿ.

ಠಾಣೆಯಲ್ಲಿ ಕೆಲಸವಾಗದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆಯಿರಿ. ದಿನವೂ ಇದೇ ಕಾಟವೆಂದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪದ್ರವ ನಿಲ್ಲಿಸಲು ಆದೇಶ ಕೋರಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅರ್ಜಿ ಹಾಕಬಹುದು. ಅನುಮತಿ ನಿಜಕ್ಕೂ ಇತ್ತೇ ಎಂಬ ಅನುಮಾನವಿದ್ದರೆ ಮಾಹಿತಿ ಹಕ್ಕಿನಡಿ ಅದರ ಪ್ರತಿ ಕೇಳಿ.

ಕಾರ್ಖಾನೆಯ ಗದ್ದಲದಲ್ಲಿ ದುಡಿಯುವವರಿಗೂ ಒಂದು ಮಾತು. ಶಬ್ದದಿಂದ ಬಂದ ಕಿವುಡು ಕಾನೂನು ಗುರುತಿಸಿರುವ ವೃತ್ತಿರೋಗ, ಅದಕ್ಕೆ ಪರಿಹಾರ ಕೇಳಬಹುದು. ಎರಡೂ ಕಿವಿಯಲ್ಲಿ 60 ಡೆಸಿಬಲ್‌ನಷ್ಟು ನಷ್ಟವಾಗಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಅನ್ವಯಿಸುತ್ತದೆ. ಎರಡಕ್ಕೂ ಬೇಕಾಗುವುದು ಶ್ರವಣ ಪರೀಕ್ಷೆಯ ವರದಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ ಹತ್ತಿರದ ಜಿಲ್ಲಾಸ್ಪತ್ರೆಯಲ್ಲೋ ವಿಚಾರಿಸಿ, ಕೆಲಸಕ್ಕೆ ಸೇರುವಾಗಲೇ ಒಂದು ಪರೀಕ್ಷೆ ಮಾಡಿಸಿ ಆ ವರದಿಯನ್ನು ಜೋಪಾನವಾಗಿಡಿ.