ಹೆಪ್ಪಿಗೆ ಎತ್ತಿಟ್ಟಿದ್ದೀರಾ? ಹೋಟೆಲಿನ ಕಂಪ್ಯೂಟರ್ ಫೈಲುಗಳನ್ನು ಪೆನ್ ಡ್ರೈವ್‌ನಲ್ಲಿ ಉಳಿಸುವ ಪಾಠ



ರಾತ್ರಿ ಹೋಟೆಲು ಮುಚ್ಚುವ ಮುನ್ನ ನಮ್ಮ ಅಡುಗೆಮನೆಗಳಲ್ಲಿ ಯಾರೂ ಹೇಳದೆಯೇ ನಡೆಯುವ ಕೆಲಸವೊಂದಿದೆ. ಅದೇ ನಾಳೆಯ ಮೊಸರಿಗೆ ಹೆಪ್ಪು ಎತ್ತಿಡುವುದು. ಎಷ್ಟೇ ಗಿರಾಕಿ ಬರಲಿ, ಮೊಸರನ್ನ ಮುಗಿಯಿತೆಂದು ಹೇಳಿ ಕಳುಹಿಸುತ್ತೇವೆಯೇ ಹೊರತು ಆ ಒಂದು ಲೋಟ ಮೊಸರನ್ನು ಮುಟ್ಟುವುದಿಲ್ಲ. ಅದನ್ನು ಬೇರೆ ಪಾತ್ರೆಯಲ್ಲೇ ಇಡುತ್ತೇವೆ. ಕಂಪ್ಯೂಟರಿನ ಲೋಕದಲ್ಲಿ ಇದಕ್ಕೆ ಬ್ಯಾಕಪ್ ಎನ್ನುತ್ತಾರೆ. ಹೆಪ್ಪಿನ ವಿಷಯದಲ್ಲಿ ಇಷ್ಟು ಎಚ್ಚರವಾಗಿರುವ ನಾವು ಈ ವಿಷಯದಲ್ಲಿ ಹೇಗೆ ಮೋಸ ಹೋದೆವು, ಈಗ ಏನು ಮಾಡುತ್ತಿದ್ದೇವೆ ಎಂಬುದನ್ನು ಹಂಚಿಕೊಳ್ಳುತ್ತಿದ್ದೇವೆ.

ನಮಗಾದ ನಷ್ಟ

ರಾಯಪುರಂನ ನಮ್ಮ ಹೋಟೆಲು ರಸ್ತೆಗಿಂತ ಎರಡು ಮೆಟ್ಟಿಲು ತಗ್ಗಿನಲ್ಲಿದೆ. 2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತದ ಮಳೆ ಚೆನ್ನೈಯನ್ನು ಮುಳುಗಿಸಿದಾಗ ನೀರು ಒಳಗೆ ಬಂತು. ಅಕ್ಕಿ, ಬೇಳೆ, ಸಕ್ಕರೆ ಮೂಟೆಗಳನ್ನೆಲ್ಲ ಅಟ್ಟಕ್ಕೆ ಏರಿಸಿದೆವು. ಗಲ್ಲಾ ಮೇಜಿನ ಕೆಳಗಿದ್ದ ಕಂಪ್ಯೂಟರ್ ಯಾರಿಗೂ ನೆನಪಾಗಲಿಲ್ಲ. ಎರಡು ದಿನ ಅದು ಕೆಸರು ನೀರಿನಲ್ಲಿ ನಿಂತಿತು. ಹಾರ್ಡ್ ಡಿಸ್ಕಿನಿಂದ ಏನನ್ನೂ ತೆಗೆಯಲಾಗದು ಎಂದು ರಿಪೇರಿಯವರು ಕೈ ಚೆಲ್ಲಿದರು.

ಸಲ್ಲಿಸಿದ್ದ ಜಿಎಸ್‌ಟಿ ರಿಟರ್ನುಗಳು ಸರ್ಕಾರದ ಪೋರ್ಟಲಿನಲ್ಲಿದ್ದವು. ಬ್ಯಾಂಕಿನ ಲೆಕ್ಕ ಬ್ಯಾಂಕಿನಲ್ಲೇ ಸಿಕ್ಕಿತು. ಹೋದದ್ದು ನಮ್ಮಲ್ಲಿ ಮಾತ್ರ ಇದ್ದದ್ದು: ಮುಂದಿನ ತಿಂಗಳ ಮದುವೆ ಆರ್ಡರುಗಳು, ಯಾರಿಂದ ಎಷ್ಟು ಮುಂಗಡ ಬಂದಿದೆ, ಯಾವ ಹುಡುಗನ ಸಂಬಳದಲ್ಲಿ ಎಷ್ಟು ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ತಂದೆಯವರ ಅಳತೆಗಳು. ಜೀವಮಾನವೆಲ್ಲ ಅವರು ಅಳತೆಯನ್ನು ತಲೆಯಲ್ಲಿಟ್ಟುಕೊಂಡೇ ಅಡುಗೆ ಮಾಡಿಸಿದವರು. ಕೊನೆಯ ವರ್ಷಗಳಲ್ಲಿ ಅವರನ್ನು ಕೂರಿಸಿ, ನೂರು ಎಲೆಗೆ ಸಾರಿನ ಪುಡಿ ಎಷ್ಟು, ಬಿಸಿಬೇಳೆ ಭಾತಿಗೆ ಏನೇನು, ಹಯಗ್ರೀವಕ್ಕೆ ಬೆಲ್ಲ ಎಷ್ಟು ಎಂದು ಕೇಳಿ ಕೇಳಿ ಟೈಪ್ ಮಾಡಿದ್ದೆವು.

“ಮನೆಯಲ್ಲಿ ಪೆನ್ ಡ್ರೈವ್ ಇದೆಯಲ್ಲ” ಎಂದು ಧೈರ್ಯವಾಗಿಯೇ ಇದ್ದೆವು. ತಿಂಗಳಿಗೊಮ್ಮೆ ಗಲ್ಲಾ ಹುಡುಗ ಪರದೆಯ ಮೇಲಿದ್ದ ಹಳದಿ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿ ಕೊಡುತ್ತಿದ್ದ. ಮನೆಯ ಕಂಪ್ಯೂಟರಿಗೆ ಹಾಕಿ ತೆರೆಯಲು ಹೋದರೆ ತೆರೆಯಲಿಲ್ಲ. ಆ ಚಿತ್ರದ ಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತಿತ್ತು. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಅಂದರೆ ಸಾಮಾನು ಎಲ್ಲಿದೆಯೆಂದು ಹೇಳುವ ಚೀಟಿ ಮಾತ್ರ. ಊಟ ಎತ್ತಿಡುವ ಬದಲು ಪ್ರತಿ ತಿಂಗಳೂ ಊಟದ ಟೋಕನ್ ಎತ್ತಿಟ್ಟಿದ್ದೆವು! ಹುಡುಗನದು ತಪ್ಪಲ್ಲ. ಒಮ್ಮೆಯೂ ತೆರೆದು ನೋಡದ ನಮ್ಮದು ತಪ್ಪು.

ಏನನ್ನು ಉಳಿಸಬೇಕು?

ಮೊದಲು ‘ಸಿ’ ಡ್ರೈವ್‌ನಲ್ಲಿ ‘ಹೋಟೆಲ್’ ಎಂಬ ಒಂದೇ ಫೋಲ್ಡರ್ ಮಾಡಿ. ಆರ್ಡರುಗಳು, ಸಂಬಳದ ಲೆಕ್ಕ, ಅಡುಗೆಯ ಅಳತೆಗಳು, ಬಾಡಿಗೆ ಕರಾರು ಮತ್ತು ಆಹಾರ ಲೈಸೆನ್ಸಿನ ಸ್ಕ್ಯಾನ್ ಪ್ರತಿಗಳು, ಮನೆಯವರ ಫೋಟೋಗಳು ಎಲ್ಲವನ್ನೂ ಅದರೊಳಗೆ ತನ್ನಿ. ಬಾಣದ ಗುರುತಿರುವುದನ್ನು ತರಬೇಡಿ. ನಿಜವಾದ ಫೈಲನ್ನೇ ಹುಡುಕಿ ತನ್ನಿ. ಬಿಲ್ಲಿಂಗ್ ಅಥವಾ ಟ್ಯಾಲಿ ಬಳಸುವವರು ಆ ಪ್ರೋಗ್ರಾಮಿನಲ್ಲೇ ಇರುವ ಬ್ಯಾಕಪ್ ಸೌಲಭ್ಯದಿಂದ ಪ್ರತಿ ತೆಗೆದು ಇದೇ ಫೋಲ್ಡರಿಗೆ ಹಾಕಬೇಕು.

ಜಿಎಸ್‌ಟಿ ಕಾಯಿದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಮಳೆಯಲ್ಲಿ ಹೋಯಿತೆಂದು ಹೇಳಿ ಕೂರುವಂತಿಲ್ಲ.

ಮೌಸ್ ಬಿಟ್ಟು ಕಮಾಂಡ್ ಏಕೆ?

ಮೌಸಿನಿಂದ ಎಳೆದು ಹಾಕುವಾಗ ಏನು ಹೋಯಿತು, ಏನು ಉಳಿಯಿತು ಎಂಬ ಲೆಕ್ಕ ಸಿಗುವುದಿಲ್ಲ. ಕಮಾಂಡ್ ಎಂದರೆ ಅಡುಗೆಯವರಿಗೆ ಬರೆದು ಕೊಟ್ಟ ಚೀಟಿಯಂತೆ. ಪ್ರತಿ ಸಲವೂ ಅದೇ ಕೆಲಸ, ಕೊನೆಯಲ್ಲಿ ಲೆಕ್ಕ. ಡಾಸ್ ಕಾಲದಲ್ಲಿ ಕಂಪ್ಯೂಟರ್ ಕಲಿತವರಿಗೆ ಎಕ್ಸ್‌ಕಾಪಿ ನೆನಪಿರಬಹುದು. ಅದಕ್ಕಿಂತ ಗಟ್ಟಿಯಾದದ್ದು ರೋಬೋಕಾಪಿ. ವಿಂಡೋಸ್ ವಿಸ್ಟಾದಿಂದ ಈಚಿನ ಎಲ್ಲ ವಿಂಡೋಸ್‌ಗಳಲ್ಲೂ ಇದು ಸೇರಿಕೊಂಡೇ ಬರುತ್ತದೆ. ಬೇರೆ ಹಣ ಕೊಡಬೇಕಿಲ್ಲ.

ಪಾಠ

1. ಬಿಲ್ಲಿಂಗ್ ಪ್ರೋಗ್ರಾಮ್ ಮುಚ್ಚಿ. ತೆರೆದಿರುವ ಫೈಲು ಕಾಪಿ ಆಗದೆ ಉಳಿಯಬಹುದು.

2. ಪೆನ್ ಡ್ರೈವ್ ಹಾಕಿ, ಅದಕ್ಕೆ ಕಂಪ್ಯೂಟರ್ ಯಾವ ಅಕ್ಷರ ಕೊಟ್ಟಿದೆ ನೋಡಿ. ಇಲ್ಲಿ ‘ಎಫ್’ ಎಂದುಕೊಳ್ಳೋಣ. ನಿಮ್ಮಲ್ಲಿ ‘ಇ’ ಅಥವಾ ‘ಜಿ’ ಇರಬಹುದು.

3. ವಿಂಡೋಸ್ ಗುರುತಿನ ಕೀಲಿ ಒತ್ತಿಹಿಡಿದು ‘ಆರ್’ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಸಿ, ಎಂ, ಡಿ ಎಂಬ ಮೂರು ಅಕ್ಷರ ಹೊಡೆದು ಎಂಟರ್ ಒತ್ತಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಹೆದರಬೇಡಿ.

4. ಅಲ್ಲಿ ಈ ಸಾಲನ್ನು ಹೊಡೆಯಿರಿ. ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ. ಹೊಡೆಯುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಮೊದಲ ಪದದ ಅಕ್ಷರಗಳು ಆರ್, ಓ, ಬಿ, ಓ, ಸಿ, ಓ, ಪಿ, ವೈ.

ರೋಬೋಕಾಪಿ ಸಿ:\ಹೋಟೆಲ್ ಎಫ್:\ಹೋಟೆಲ್ /ಇ /ಎಕ್ಸ್‌ಓ /ಆರ್:2 /ಡಬ್ಲ್ಯೂ:5

ಅರ್ಥ ಹೀಗೆ. ಮೊದಲು ಎಲ್ಲಿಂದ, ಆಮೇಲೆ ಎಲ್ಲಿಗೆ. ‘ಇ’ ಎಂದರೆ ಒಳಗಿನ ಫೋಲ್ಡರುಗಳನ್ನೂ ಬಿಡಬೇಡ. ‘ಎಕ್ಸ್‌ಓ’ ಎಂದರೆ ಹಳೆಯ ಫೈಲನ್ನು ಹೊಸದರ ಮೇಲೆ ಹಾಕಬೇಡ. ‘ಆರ್:2’, ‘ಡಬ್ಲ್ಯೂ:5’ ಎಂದರೆ ಯಾವುದಾದರೂ ಫೈಲು ಬಾರದಿದ್ದರೆ ಐದೈದು ಸೆಕೆಂಡು ಕಾದು ಇನ್ನೆರಡು ಸಲ ನೋಡಿ ಮುಂದೆ ಹೋಗು. ಇದನ್ನು ಹೇಳದಿದ್ದರೆ ರೋಬೋಕಾಪಿ ಮೂವತ್ತು ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತ ಕೂರುತ್ತದೆ! ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಪೂರ್ತಿ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.

5. ಮುಗಿದ ಮೇಲೆ ಒಂದು ಪಟ್ಟಿ ಬರುತ್ತದೆ. ಒಟ್ಟು ಎಷ್ಟು, ಕಾಪಿ ಆದದ್ದೆಷ್ಟು, ಬಿಟ್ಟದ್ದೆಷ್ಟು, ವಿಫಲವಾದದ್ದೆಷ್ಟು ಎಂಬ ಲೆಕ್ಕ ಅದರಲ್ಲಿರುತ್ತದೆ. ‘ಫೇಲ್ಡ್’ ಕೆಳಗೆ ಸೊನ್ನೆ ಇರಬೇಕು. ‘ಸ್ಕಿಪ್ಡ್’ ಕಂಡರೆ ಗಾಬರಿ ಬೇಡ. ಬದಲಾಗದ ಫೈಲನ್ನು ಅದು ಮತ್ತೆ ಕಾಪಿ ಮಾಡುವುದಿಲ್ಲ. ಹಾಗಾಗಿ ಎರಡನೆಯ ಸಲದಿಂದ ಕೆಲಸ ಬೇಗ ಮುಗಿಯುತ್ತದೆ.

6. ಪೆನ್ ಡ್ರೈವನ್ನು ‘ಇಜೆಕ್ಟ್’ ಕೊಟ್ಟ ನಂತರವೇ ಕೀಳಿ.

ದಿನವೂ ಇಷ್ಟು ಹೊಡೆಯುವುದು ಬೇಸರವೆನಿಸಿದರೆ ಅದೇ ಸಾಲನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಅದರ ಕೆಳಗೆ ‘ಪಾಸ್’ ಎಂಬ ಪದವನ್ನು ಪಿ, ಎ, ಯು, ಎಸ್, ಇ ಎಂದು ಸೇರಿಸಿ, ಹೆಸರಿನ ಕೊನೆಯಲ್ಲಿ ಚುಕ್ಕೆ ಬಿ, ಎ, ಟಿ ಬರುವಂತೆ ಸೇವ್ ಮಾಡಿ. ಸೇವ್ ಮಾಡುವಾಗ ಫೈಲಿನ ಬಗೆಯಲ್ಲಿ ‘ಆಲ್ ಫೈಲ್ಸ್’ ಆರಿಸಿಕೊಳ್ಳಿ. ಮುಂದೆ ಅದರ ಮೇಲೆ ಎರಡು ಸಲ ಒತ್ತಿದರೆ ಸಾಕು. ‘ಪಾಸ್’ ಇರುವುದರಿಂದ ಲೆಕ್ಕದ ಪಟ್ಟಿ ನೀವು ಓದುವ ತನಕ ನಿಂತಿರುತ್ತದೆ.

ಎಚ್ಚರ

‘ಎಂಐಆರ್’ ಎಂಬ ಸೂಚನೆಯನ್ನು ಸೇರಿಸಲು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡವೆನ್ನಿ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಪ್ರತಿಯಿಂದಲೂ ಅಳಿಸುತ್ತದೆ. ನಿನ್ನೆ ಹುಡುಗ ತಪ್ಪಿ ಅಳಿಸಿದ್ದು ಇಂದು ಪೆನ್ ಡ್ರೈವ್‌ನಲ್ಲೂ ಇರುವುದಿಲ್ಲ. ಎಲ್ಲಿಂದ, ಎಲ್ಲಿಗೆ ಎಂಬುದನ್ನು ತಿರುವುಮುರುವಾಗಿ ಬರೆದು ಖಾಲಿ ಪೆನ್ ಡ್ರೈವ್ ಹಾಕಿದರೆ ಕಂಪ್ಯೂಟರಿನ ಫೋಲ್ಡರೇ ಖಾಲಿಯಾಗಬಹುದು. ಅನುಮಾನವಿದ್ದಾಗ ಸಾಲಿನ ಕೊನೆಗೆ ‘/ಎಲ್’ ಸೇರಿಸಿ. ಆಗ ರೋಬೋಕಾಪಿ ಏನು ಮಾಡಲಿದೆ ಎಂದು ತೋರಿಸುತ್ತದೆ, ಮಾಡುವುದಿಲ್ಲ.

ಇನ್ನೊಂದು ಮಾತು. ಪೆನ್ ಡ್ರೈವ್ ‘ಫ್ಯಾಟ್ 32’ ಬಗೆಯದಾಗಿದ್ದರೆ 4 ಜಿಬಿ ಮೀರಿದ ಒಂದೇ ಫೈಲನ್ನು ಅದು ಹಿಡಿಯುವುದಿಲ್ಲ. ಮಗಳ ಮದುವೆಯ ವಿಡಿಯೋ ಅಲ್ಲೇ ನಿಲ್ಲುತ್ತದೆ. ಹೊಸ ಪೆನ್ ಡ್ರೈವ್ ತಂದಾಗ, ಏನನ್ನೂ ಹಾಕುವ ಮೊದಲೇ ‘ಎಕ್ಸ್‌ಫ್ಯಾಟ್’ ಬಗೆಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಬೇರೆ ಪಾತ್ರೆ, ಬೇರೆ ಮನೆ

ಪೆನ್ ಡ್ರೈವನ್ನು ಕಂಪ್ಯೂಟರಿಗೇ ಸಿಕ್ಕಿಸಿ ಬಿಟ್ಟರೆ ಅದು ಅದೇ ಪಾತ್ರೆಯಲ್ಲಿಟ್ಟ ಹೆಪ್ಪು. 2017ರ ಮೇ ತಿಂಗಳಲ್ಲಿ ಜಗತ್ತನ್ನೆಲ್ಲ ಕಾಡಿದ ವಾನಾಕ್ರೈನಂಥ ವೈರಸ್ ಬಂದರೆ, ಸಿಕ್ಕಿಸಿರುವ ಡ್ರೈವ್‌ನ ಫೈಲುಗಳಿಗೂ ಬೀಗ ಹಾಕಿ ಹಣ ಕೇಳುತ್ತದೆ. ಗಲ್ಲಾ ಪೆಟ್ಟಿಗೆಯಲ್ಲಿಟ್ಟರೆ ನೀರಿಗೋ ಬೆಂಕಿಗೋ ಕಳ್ಳನಿಗೋ ಎರಡೂ ಒಟ್ಟಿಗೆ ಹೋಗುತ್ತವೆ.

ನಾವೀಗ ಎರಡು ಪೆನ್ ಡ್ರೈವ್ ಇಟ್ಟಿದ್ದೇವೆ, ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು. ಸೋಮವಾರ ಕೆಂಪು ಬಂದರೆ ಹಸಿರು ಮನೆಗೆ ಹೋಗುತ್ತದೆ. ಮುಂದಿನ ಸೋಮವಾರ ಅದಲುಬದಲು. ಈ ವಾರ ಕೆಟ್ಟ ಫೈಲು ಕಾಪಿಯಾದರೂ ಹೋದ ವಾರದ ಒಳ್ಳೆಯದು ಮನೆಯಲ್ಲಿರುತ್ತದೆ. ಕೆಲಸಗಾರರ ಆಧಾರ್ ಪ್ರತಿಗಳಂಥವು ಇದ್ದರೆ ಪಾಸ್‌ವರ್ಡ್ ಹಾಕಿಡಿ. ಪೆನ್ ಡ್ರೈವ್ ಬಸ್ಸಿನಲ್ಲಿ ಬಿದ್ದುಹೋಗುವ ವಸ್ತು.

ರುಚಿ ನೋಡಿ

ಉಪ್ಪು ನೋಡದೆ ಸಾಂಬಾರನ್ನು ಪಂಕ್ತಿಗೆ ಬಿಡುತ್ತೇವೆಯೇ? ತಿಂಗಳಿಗೊಮ್ಮೆ ಮನೆಯ ಕಂಪ್ಯೂಟರಿಗೆ ಪೆನ್ ಡ್ರೈವ್ ಹಾಕಿ, ಮೂರು ಫೈಲುಗಳನ್ನು ತೆರೆದು ಓದಿ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಮಾತ್ರ ಅದು ಬ್ಯಾಕಪ್. ಅದೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿದ್ದರೆ ನಮ್ಮ ಶಾರ್ಟ್‌ಕಟ್ ಕೂಡ ಸರಿಯಾಗಿಯೇ ತೆರೆಯುತ್ತಿತ್ತು!

ತಂದೆಯವರ ಜೊತೆ ದುಡಿದ ಹಿರಿಯ ಅಡುಗೆ ಭಟ್ಟರನ್ನು ಕೇಳಿ ಅರ್ಧದಷ್ಟು ಅಳತೆಗಳನ್ನು ಮತ್ತೆ ಬರೆದುಕೊಂಡಿದ್ದೇವೆ. ಸಾರಿನ ಪುಡಿ ಮಾತ್ರ ಇನ್ನೂ ಕೂತಿಲ್ಲ. ಹಳೆಯ ಗಿರಾಕಿಗಳು ಲೋಟ ಕೆಳಗಿಟ್ಟು ಸುಮ್ಮನಾಗುತ್ತಾರೆ, ಏನೂ ಹೇಳುವುದಿಲ್ಲ. ನಿಮ್ಮಲ್ಲಿ ಅಂಥ ಅಳತೆ ಬಲ್ಲ ಹಿರಿಯರಿದ್ದರೆ ಈ ವಾರವೇ ಕೇಳಿ ಬರೆದುಕೊಳ್ಳಿ, ಅಂದು ರಾತ್ರಿಯೇ ಹೆಪ್ಪಿಗೆ ಎತ್ತಿಡಿ.